ನಿದ್ದೆಯ ಕರೆಂಟು

ನನಗೆ ಫೋನಿನಲ್ಲಿ ಮಾತಾಡಲು ಅಂಜಿಕೆ. ಇದನ್ನು ನನಗೆ ನಾನೇ ಸರಿಯಾಗಿ ಒಪ್ಪಿಕೊಂಡಿರಲಿಲ್ಲ. ಫೋನ್ ಬಡಿದುಕೊಂಡ ಕೂಡಲೇ ಏನೋ ಕೆಲಸ ನೆನಪಾದವಳ ಹಾಗೆ ಒಳಗೆ ಹೋಗಿಬಿಡುತ್ತೇನೆ. ಅವ್ವ ಎತ್ತಿ, “ಅಕಿ ಜಳಕಕ್ಕ ಹೋಗ್ಯಾಳ್ರಿ” ಎನ್ನುತ್ತಾಳೆ. ಹಾಗೆ ನೋಡಿದರೆ ನಾನು ದಿನಕ್ಕೆ ನಾಲ್ಕೈದು ಸಲ ಜಳಕ ಮಾಡುವ ಹುಡುಗಿ.

ಆದರೆ ಆ ರವಿವಾರ ಬೆಳಿಗ್ಗೆ ದಿನಚರಿ ತೆರೆದು ಕುಳಿತಾಗ ಇದ್ದ ಅಂಜಿಕೆ ಬೇರೆಯದು. ಸಂಜೆ ಧಾರವಾಡದಿಂದ ಸ್ನೇಹಾ ಎಂಬವರು ಫೋನ್ ಮಾಡುವವರಿದ್ದರು. ಅಣ್ಣ ಮೊಹಸಿನ ಸ್ಪೀಕರ್ ಹಚ್ಚಿ ಫೋನನ್ನು ನನ್ನ ಮುಂದೆ ಇಡುವವನಿದ್ದ. ಅವರು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಗಾಡಿಯ ಬ್ಯಾಟರಿ, ಎಲ್ಲಿಯೂ ಕರೆಂಟಿಗೆ ಹಚ್ಚದೆ, ಎಷ್ಟು ರಾತ್ರಿ ನಡೆಯುತ್ತದೆ? ಮೂರು ರಾತ್ರಿ ಎಂದು ನಮ್ಮ ಮನೆಯವರೆಲ್ಲ ನಂಬಿದ್ದರು. ಮೂರು ಅಲ್ಲವೆಂದು ಗೊತ್ತಿದ್ದದ್ದು ನನಗೊಬ್ಬಳಿಗೆ. ಹೇಳಿದರೆ ಗಾಡಿ ಮನೆಯಲ್ಲಿ ಉಳಿಯುವುದಿಲ್ಲ. ಹೇಳದಿದ್ದರೆ ಏನಾಗಬಹುದು ಎಂಬುದನ್ನು ಬರೆಯಲು ಕೈ ಏಳಲಿಲ್ಲ. ಪೆನ್ನು ಮುಚ್ಚಿಟ್ಟು ಹಿತ್ತಲಿಗೆ ಹೋಗಿ ಗಾಡಿಯ ಮೆಟ್ಟಿಲ ಮೇಲೆ ಕುಳಿತೆ.

ಗಾಡಿ ಎಂದರೆ ಅಪ್ಪನ ಹಳೆಯ ಮೆಟಡೋರ್. ಅಪ್ಪನ ಹೆಸರು ಯಮನೂರಸಾಬ. ಬೆಟಗೇರಿಯಲ್ಲಿ ಮನೆ ಕೇಳುವವರು ಗಾದಿ ಯಮನೂರಸಾಬ ಎಂದೇ ಕೇಳಬೇಕು. ಅರಳೆ ಹಿಂಜಿ ಗಾದಿ ಮಾಡುವುದು ನಮ್ಮ ಮನೆತನದ ಕಸುಬು. ಅಜ್ಜ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಊರೂರು ನಡೆಯುತ್ತಿದ್ದನಂತೆ. ಅಪ್ಪನ ಕಾಲಕ್ಕೆ ಮಷಿನ್ ಬಂತು. ಅದನ್ನು ಮೆಟಡೋರಿನ ಹಿಂದೆ ಕೂರಿಸಿಕೊಂಡು, ಸುಗ್ಗಿ ಮುಗಿದು ಮಂದಿಗೆ ಪುರುಸೊತ್ತು ಸಿಕ್ಕ ಕೂಡಲೇ ಹೊರಟುಬಿಡುತ್ತಿದ್ದ. ಲಕ್ಷ್ಮೇಶ್ವರ, ಬಾಳೆಹೊಸೂರ, ಶಿರಹಟ್ಟಿ, ಕೊನೆಗೆ ಮುಂಡರಗಿ ಕಡೆಯ ಹಳ್ಳಿಗಳು. ಮಳೆ ಹಿಡಿಯುವವರೆಗೆ ತಿರುಗಾಟ. ಶಾಲೆ ಸೂಟಿ ಬಿಟ್ಟ ಮರುದಿನವೇ ಅವ್ವ, ಮೊಹಸಿನಣ್ಣ, ನಾನು ಬಸ್ಸು ಹಿಡಿದು ಗಾಡಿ ಎಲ್ಲಿ ನಿಂತಿದೆಯೋ ಅಲ್ಲಿಗೆ ಹೋಗಿ ಕೂಡಿಕೊಳ್ಳುತ್ತಿದ್ದೆವು. ಬೇಸಿಗೆ ಮುಗಿಯುವವರೆಗೆ ನಮಗೆ ಅದೇ ಮನೆ.

ಊರಿಗೆ ಹೋದ ಮೇಲೆ ಯಾರ ಮನೆಯ ಗಾದಿ ಮೊದಲು ಬಿಚ್ಚುತ್ತೇವೋ ಆ ಮನೆಯ ಕರೆಂಟು ನಮ್ಮದು. ಅವರು ಕಿಟಕಿಯಿಂದ ವಾಯರ್ ಕೊಡುತ್ತಾರೆ, ಮಷಿನ್ ಓಡುತ್ತದೆ, ಊರವರೆಲ್ಲರ ಗಾದಿ ಆ ವಾಯರಿನ ಮೇಲೆಯೇ ಆಗುತ್ತದೆ. ಊರು ಬಿಡುವ ದಿನ ಆ ಮನೆಗೆ ಅಪ್ಪನ ಕಡೆಯಿಂದ ಒಂದು ತಲೆದಿಂಬು. ಯಾರೂ ಕೇಳುತ್ತಿರಲಿಲ್ಲ, ಯಾರೂ ಬೇಡವೆನ್ನುತ್ತಿರಲಿಲ್ಲ. ಅಜ್ಜನ ಕಾಲದಲ್ಲಿ ನೆರಳು ಕೊಟ್ಟ ಮನೆಗೆ ಕೊಡುತ್ತಿದ್ದುದು, ಅಪ್ಪನ ಕಾಲಕ್ಕೆ ಕರೆಂಟು ಕೊಟ್ಟ ಮನೆಗೆ ಆಯಿತು.

ಸಂಜೆ ಮಷಿನ್ ನಿಂತ ಕೂಡಲೇ ಅಪ್ಪ ತಾನೇ ಹೋಗಿ ಪಿನ್ನು ಕಿತ್ತು, ವಾಯರ್ ಸುತ್ತಿ, ಅವರ ಕಟ್ಟೆಯ ಮೇಲೆ ಇಟ್ಟುಬರುತ್ತಿದ್ದ. ರಾತ್ರಿಗೂ ಇರಲಿ ಎಂದು ಯಾರಾದರೂ ಅಂದರೆ ಅವನ ಮಾತು ಒಂದೇ.

“ದುಡಿಯಾಕ ಮಂದಿ ಕರೆಂಟ್ ತಗೋಬಹುದ್ರಿ. ಮಲಗಾಕ ತಗೋಬಾರದು.”

ರಾತ್ರಿಗೆ ಗಾಡಿಯ ಬ್ಯಾಟರಿ ಇತ್ತು. ಒಂದು ಸಣ್ಣ ಬಲ್ಬು, ಒಂದು ಸಣ್ಣ ಫ್ಯಾನು. ಬ್ಯಾಟರಿ ತುಂಬುವ ಚಾರ್ಜರಿನ ಪಿನ್ನು ಗಾಡಿಯ ಹಿಂದೆ ಜೋತಾಡುತ್ತಿತ್ತು; ಅದನ್ನು ಅಪ್ಪ ಹಚ್ಚುತ್ತಿದ್ದುದು ನಮ್ಮ ಮನೆಯ ಕರೆಂಟಿಗೆ ಮಾತ್ರ. “ನಮ್ಮ ಬ್ಯಾಟರಿ ಎಂಟ ದಿನ ಬರತೈತಿ” ಎಂದು ಅಪ್ಪ ಚಹಾದಂಗಡಿಗಳಲ್ಲಿ ಹೇಳಿಕೊಳ್ಳುತ್ತಿದ್ದ. ನಾವೂ ಶಾಲೆಯಲ್ಲಿ ಹೇಳಿಕೊಳ್ಳುತ್ತಿದ್ದೆವು.

ನನ್ನ ನೆನಪಿನ ಬೇಸಿಗೆಗಳೆಲ್ಲ ಆ ಗಾಡಿಯ ಒಳಗೇ ಇವೆ. ಹಗಲೆಲ್ಲ ಹಿಂಜಿದ ಅರಳೆ ಸಂಜೆಗೆ ಮೂಲೆಯಲ್ಲಿ ಮೊಣಕಾಲೆತ್ತರ ಬಿದ್ದಿರುತ್ತಿತ್ತು. ಅದರ ಮೇಲೆ ತನ್ನ ಹಳೆಯ ಸೀರೆ ಹಾಸಿ ಅವ್ವ ನಮ್ಮಿಬ್ಬರನ್ನು ಮಲಗಿಸುತ್ತಿದ್ದಳು. “ಇದು ಮಾಸ್ತರ ಮನಿ ಗಾದಿ ಐತಿ, ಹೊರಳಾಡಬ್ಯಾಡ, ಬಡೀತಾರ” ಎಂದು ಮೊಹಸಿನಣ್ಣ ಹೆದರಿಸಿದರೆ ನಾನು ಮರದ ಕೊರಡಿನ ಹಾಗೆ ಅಲುಗದೆ ಮಲಗುತ್ತಿದ್ದೆ. ಅಪ್ಪನ ರೆಪ್ಪೆಯ ಮೇಲೆ, ಮೀಸೆಯ ಮೇಲೆ ಬಿಳಿ ಎಳೆಗಳು. ಅವನು ಒಮ್ಮೆಲೇ ಮುದುಕನಾಗಿ ಕಾಣುತ್ತಿದ್ದ; ಮುಖ ತೊಳೆದು ಬಂದರೆ ಮತ್ತೆ ನಮ್ಮಪ್ಪ. ಶಿರಹಟ್ಟಿಯಲ್ಲಿ ಮಠದ ಕಡೆಯಿಂದ ಗಂಟೆಯ ಸದ್ದು, ಲಕ್ಷ್ಮೇಶ್ವರದಲ್ಲಿ ಕೊನೆಯ ಬಸ್ಸಿನ ಹಾರ್ನು, ಡೋಣಿಯಲ್ಲಿ ಕಪ್ಪತಗುಡ್ಡದಿಂದ ಇಳಿದು ಬರುವ ಗಾಳಿ. ಊರು ಯಾವುದಾದರೂ ತಲೆಯ ಮೇಲಿನ ಫ್ಯಾನು ಮಾತ್ರ ಒಂದೇ ಸಮನೆ ಟಿಕ್ ಟಿಕ್ ಎನ್ನುತ್ತ ತಿರುಗುತ್ತಿತ್ತು. ಇಂದಿಗೂ ಸದ್ದೇ ಇಲ್ಲದ ಕೋಣೆಯಲ್ಲಿ ನನಗೆ ನಿದ್ದೆ ಹತ್ತುವುದಿಲ್ಲ.

ಆಮೇಲೆ ಫೋಮಿನ ಗಾದಿಗಳು ಬಂದವು. ಸುರುಳಿ ಸುತ್ತಿ ಡಬ್ಬಿಯಲ್ಲಿ ಬರುತ್ತವೆ, ಬಿಚ್ಚಿದರೆ ತಾವೇ ಉಬ್ಬಿಕೊಳ್ಳುತ್ತವೆ. ಅವುಗಳನ್ನು ಯಾರೂ ಮತ್ತೆ ಬಿಚ್ಚಿ ಹಿಂಜಿಸುವುದಿಲ್ಲ. ತಿರುಗಾಟ ಮೊದಲು ಒಂದು ತಿಂಗಳಿಗೆ ಇಳಿಯಿತು, ಆಮೇಲೆ ಎರಡು ವಾರಕ್ಕೆ, ಆಮೇಲೆ ನಿಂತೇಹೋಯಿತು. ಗಾಡಿ ಹಿತ್ತಲಿನ ಬೇವಿನ ಗಿಡದ ಕೆಳಗೆ ನಿಂತಿತು. ಅಪ್ಪ ಶುಕ್ರವಾರಕ್ಕೊಮ್ಮೆ ನಮಾಜು ಮುಗಿಸಿ ಬಂದು ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಸೀಟಿನ ಮೇಲೆ ಕುಳಿತು, ಮತ್ತೆ ಬಂದ್ ಮಾಡಿ ಇಳಿಯುತ್ತಿದ್ದ. ಎಲ್ಲಿಗೂ ಹೋಗುತ್ತಿರಲಿಲ್ಲ.

ಮೊಹಸಿನಣ್ಣ ಗದಗಿನಲ್ಲಿ ಕಾರುಗಳಿಗೆ ಸೀಟ್ ಕವರ್, ಲೈಟು ಹಾಕುವ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಒಂದು ದಿನ ಊಟಕ್ಕೆ ಕುಳಿತಾಗ ಫೋನಿನಲ್ಲಿ ಏನೋ ತೋರಿಸಿದ. ಯಾರೋ ವ್ಯಾನಿನೊಳಗೆ ಹಾಸಿಗೆ, ಒಲೆ, ಫ್ರಿಜ್ ಎಲ್ಲ ಇಟ್ಟುಕೊಂಡು ಹಿಂದಿನ ಬಾಗಿಲು ತೆರೆದು ಚಹಾ ಕುಡಿಯುತ್ತಿದ್ದರು.

“ಇದಕ್ಕ ಕ್ಯಾಂಪರ್ ವ್ಯಾನ್ ಅಂತಾರಪ್ಪಾ. ಮಂದಿ ಬಾಡಿಗಿ ಕೊಟ್ಟು ಒಯ್ತಾರ.”

“ಬಾಡಿಗಿ ಯಾತಕ್ಕ?”

“ಗಾಡ್ಯಾಗ ಮಲಗಾಕ.”

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ಅಲ್ಲೋ, ಇಷ್ಟ ವರ್ಷ ನಾವು ಪುಕ್ಕಟೆ ಮಲಗಿ ಕೆಟ್ಟೇವಲ್ಲೋ.”

ಅಣ್ಣ ನಕ್ಕ. ಆದರೆ ಅವನ ಮಾತು ಗಟ್ಟಿಯಾಗಿತ್ತು. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಹಕ್ಕಿ ನೋಡಲು ದೂರದಿಂದ ಮಂದಿ ಬರುತ್ತಾರೆ, ಕಪ್ಪತಗುಡ್ಡಕ್ಕೂ ಬರುತ್ತಾರೆ. ಈ ಸೀಜನ್ ನೋಡೋಣ. ನಡೆಯದಿದ್ದರೆ ಗುಜರಿ ರಹಮಾನಸಾಬರಿಗೆ ಕೊಟ್ಟುಬಿಡೋಣ. ಅವರು ಆಗಲೇ ಎರಡು ಸಲ ಬಂದು ಗಾಡಿಯ ಸುತ್ತ ತಿರುಗಿ, ತಗಡು ತಟ್ಟಿ ನೋಡಿ ಹೋಗಿದ್ದರು. ಅಪ್ಪ ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ? ಮಷಿನ್ ಇಳಿಸುವ ದಿನ ಮಾತ್ರ ಮನೆಯಲ್ಲಿ ಇರಲಿಲ್ಲ. ಬಜಾರಿಗೆ ಹೋಗುತ್ತೇನೆಂದು ಹೋದವನು ಬರಿಗೈಯಲ್ಲಿ ಬಂದ.

ಗಾಡಿ ಹೊಸದಾಯಿತು. ಎರಡು ಫ್ಯಾನು, ಲೈಟು, ಸಣ್ಣ ಫ್ರಿಜ್, ಫೋನ್ ಚಾರ್ಜಿಗೆ ಜಾಗ. ಇವೆಲ್ಲಕ್ಕೂ ಸೀಟಿನ ಕೆಳಗೆ ಒಂದು ದೊಡ್ಡ ಬ್ಯಾಟರಿ, ಮನೆಗಳಲ್ಲಿ ಇನ್ವರ್ಟರಿಗೆ ಇಡುವಂಥದ್ದು. ಹಿಂದೆ ಮೊದಲಿನ ಹಾಗೆಯೇ ಚಾರ್ಜರಿನ ಪಿನ್ನು. ಬಾಗಿಲ ಹತ್ತಿರ ಬ್ಯಾಟರಿಯ ವೋಲ್ಟನ್ನು ಕೆಂಪು ಅಂಕಿಯಲ್ಲಿ ತೋರಿಸುವ ಒಂದು ಮೀಟರು: ತುಂಬಿದರೆ ಹದಿಮೂರರ ಹತ್ತಿರ, ಹನ್ನೆರಡಕ್ಕೆ ಇಳಿದರೆ ಅರ್ಧ. “ಅರ್ಧ ತಿಂದಮ್ಯಾಲೆ ಕೈ ತೊಳ್ಕೊಬೇಕ್ರಿ, ಪೂರ್ತಿ ಖಾಲಿ ಮಾಡಿದ್ರ ಬ್ಯಾಟರಿ ಸತ್ತ ಹೋಗತೈತಿ” ಎಂದು ಮಾರಿದ ಅಂಗಡಿಯವರು ಹೇಳಿದ್ದರು. ಹಾಸಿಗೆ ಅಪ್ಪನೇ ಮಾಡಿದ, ಅರಳೆಯದು. ಫೋಮ್ ಹಾಕೋಣ ಎಂದ ಅಣ್ಣನ ಕಡೆ ಅವನು ತಿರುಗಿಯೂ ನೋಡಲಿಲ್ಲ.

ದೀಪಾವಳಿ ಕಳೆದ ಮೇಲೆ ಪರೀಕ್ಷೆಗೆ ಹೊರಟೆವು. ಕರೆಂಟಿಗೆ ಹಚ್ಚದೆ ಎಷ್ಟು ರಾತ್ರಿ ಬರುತ್ತದೆಂದು ನೋಡಬೇಕು. ಅಣ್ಣ ಅಂಗಡಿ ಬಿಟ್ಟು ಬರುವಂತಿರಲಿಲ್ಲ; ಹೊರಟವರು ಅಪ್ಪ, ಅವ್ವ, ನಾನು. “ಊರ ಹೊರಗ ನಿಂದರ್ಸಪ್ಪಾ, ಮನಿಗೋಳು ಇರದ ಕಡೆ” ಎಂದು ಅಣ್ಣ ಸಾರಿ ಸಾರಿ ಹೇಳಿದ್ದ. ಅಪ್ಪ ಹೂಂ ಎಂದು ತಲೆಯಾಡಿಸಿದ್ದ. ಡಂಬಳ ದಾಟಿ, ಡೋಣಿ ಹತ್ತಿರ ಬಂದು, ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡ ಮೇಲೆ, ಗಾಡಿ ತಾನಾಗಿಯೇ ಅಂದಾನಪ್ಪನವರ ಕಣದಲ್ಲಿ ಹೋಗಿ ನಿಂತಿತು.

“ಮನಿ ಇರದ ಕಡೆ ಅಂದಿದ್ದ ಅಣ್ಣ” ಎಂದೆ ಮೆಲ್ಲಗೆ.

“ಅವರ ಮನಿ ಮುಂದ ಹಾದು ಬ್ಯಾರೆ ಕಡೆ ನಿಂತ್ರ ಸಾವಿತ್ರೆವ್ವಕ್ಕ ನಾಳಿ ಮಾತಾಡಸ್ತಾಳೇನವ್ವಾ? ಹಚ್ಚಲಿಲ್ಲ ಅಂದ್ರ ಆತು. ಕರೆಂಟ್ ತಾನ ಹಾರಿ ಬರತೈತೇನು?”

ಡೋಣಿಯಲ್ಲಿ ನಮ್ಮ ಮೊದಲ ಗಾದಿ ಯಾವಾಗಲೂ ಅವರದೇ. ಅಂದಾನಪ್ಪ, ಸಾವಿತ್ರೆವ್ವ ಊರ ಅಂಚಿನ ಹೊಲದ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇದ್ದಾರೆ. ಅಂದಾನಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದು, ಒಳಗೆ ತಲೆ ಹಾಕಿ, ಹಾಸಿಗೆ ಒತ್ತಿ ನೋಡಿದರು.

“ಏನಲೇ ಯಮನೂರಸಾಬ, ಗಾದಿ ಮಾಡೂದು ಬಿಟ್ಟು ಮಲಗೂದನ್ನ ಕಸಬ ಮಾಡೀಯಂತ?”

“ಹೌದ್ರಿ ಗೌಡ್ರ. ಮಲಗಾಕ ರೊಕ್ಕ ಕೊಡೂ ಮಂದಿ ಅದಾರಂತ.”

“ಹಂಗಾರ ನನಗ ಭಾಳ ಬರಬೇಕಲ್ಲೋ. ಹುಟ್ಟಿದಾಗಿಂದ ಮಲಗೇನಿ.”

“ನಿಮಗ ಯಾರ ಕೊಡತಾರ? ಎಬ್ಬಸಾಕ ನಾವ ಕೊಡಬೇಕು” ಎಂದು ಸಾವಿತ್ರೆವ್ವ ಒಳಗಿನಿಂದಲೇ ಅಂದಳು.

ಅಪ್ಪ ಪರೀಕ್ಷೆಯ ವಿಷಯ ಹೇಳಿದ. ಮೂರು ದಿನ ಕರೆಂಟು ಮುಟ್ಟುವಂತಿಲ್ಲ. ಅಂದಾನಪ್ಪ ಗುಡ್ಡದ ಕಡೆ ಕೈ ತೋರಿಸಿದರು. “ಅಷ್ಟ ದೊಡ್ಡ ದೊಡ್ಡ ಫ್ಯಾನ ತಿರಗತಾವು. ಒಂದಕ್ಕ ಹಗ್ಗಾ ಕಟ್ಟಿ ಇಳಿಸ್ಕೊಳ್ಳಲೇ, ಜಲ್ದಿ ಆಕ್ಕೈತಿ.” ಸಾವಿತ್ರೆವ್ವ ಮಾತ್ರ ನಗಲಿಲ್ಲ. “ಸೊಳ್ಳಿ ಭಾಳ ಅದಾವಪ್ಪಾ. ಫ್ಯಾನ ನಿಂತ್ರ ಹುಡುಗಿ ಹ್ಯಾಂಗ ಮಲಗತಾಳ?” ಎಂದಳು.

ಆ ಸಂಜೆ ಎಲ್ಲ ಚಾಲೂ ಮಾಡಿದೆವು. ಮಲಗುವ ಮೊದಲು ಮೀಟರ್ ನೋಡಿದೆ: ಅಂಕಿ ಹನ್ನೆರಡೂವರೆ ವೋಲ್ಟಿಗೆ ಇಳಿದಿತ್ತು. ಅವ್ವ, ನಾನು ಒಳಗೆ. ಅಪ್ಪ ಮುಂದಿನ ಸೀಟಿನಲ್ಲಿ. ಫ್ಯಾನು ಹೊಸದು, ಟಿಕ್ ಟಿಕ್ ಅನ್ನುತ್ತಿರಲಿಲ್ಲ. ಆದರೂ ಅರಳೆಯ ವಾಸನೆಗೆ ಎಷ್ಟೋ ವರ್ಷಗಳ ಮೇಲೆ ಬಿದ್ದ ಕೂಡಲೇ ನಿದ್ದೆ ಬಂತು.

ಬೆಳಕು ಹರಿಯುವ ಮುಂಚೆ ಎಚ್ಚರವಾಗಿ ಹಿಂದಿನ ಬಾಗಿಲು ತೆಗೆದು ಇಳಿದೆ. ಗಾಡಿಯ ಹಿಂದೆ ಯಾರೋ ಕುಕ್ಕರಗಾಲಲ್ಲಿ ಕುಳಿತಿದ್ದರು. ಸಾವಿತ್ರೆವ್ವ. ಪಕ್ಕದಲ್ಲಿ ಅಂಗಳಕ್ಕೆ ಹಾಕುವ ಸೆಗಣಿ ನೀರಿನ ಬಕೀಟು. ಅವಳ ಕೈಯಲ್ಲಿ ಕೆಂಪು ವಾಯರು. ಅದು ಕಣ ದಾಟಿ, ದನದ ಕೊಟ್ಟಿಗೆಯ ಗೋಡೆ ಹಿಡಿದು, ಅಡುಗೆಮನೆಯ ಕಿಟಕಿಯೊಳಗೆ ಹೋಗಿತ್ತು. ನಮ್ಮ ಚಾರ್ಜರಿನ ಪಿನ್ನನ್ನು ಅವಳು ಆಗಷ್ಟೇ ಅದರಿಂದ ಕೀಳುತ್ತಿದ್ದಳು.

ನನ್ನನ್ನು ಕಂಡು ಪಿನ್ನನ್ನು ಕೆಳಗಿಟ್ಟಳು. ಆಮೇಲೆ ಅವಳು ಬಾಯಿಯ ಮೇಲೆ ಬೆರಳಿಟ್ಟಳು.

“ನಿಮ್ಮಪ್ಪಗ ಹೇಳಬ್ಯಾಡವಾ ತಂಗಿ. ಗಣಮಗ ಮನಸಿಗೆ ಹಚ್ಕೋತಾನ.”

“ಪರೀಕ್ಷಾ ಇತ್ತಲ್ಲರಿ ಇದು…” ಎಂದೆ.

“ಎಂಥಾ ಪರೀಕ್ಷಾ? ನನ್ನ ಬಾಗಲ ಮುಂದ ಬಂದು ಮಲಗಿದ ಮಂದಿ ಸೊಳ್ಳಿಗೆ ಹೊರಳಾಡೂದು ನಾ ನೋಡಲೇನು?” ಅವಳು ವಾಯರ್ ಸುತ್ತುತ್ತ ದನಿ ಇಳಿಸಿದಳು. “ಇವತ್ತಿಂದಲ್ಲ ಇದು. ನೀ ಎರಡ ವರ್ಷದ ಕೂಸಿದ್ದಿ. ಫ್ಯಾನ ನಿಂತ್ರ ಸಾಕು, ಊರ ಎಬ್ಬಿಸಿ ಅಳತಿದ್ದಿ. ನಿಮ್ಮಪ್ಪ ನೋಡಿದ್ರ ಮಲಗಾಕ ಮಂದಿ ಕರೆಂಟ್ ಬ್ಯಾಡಂತಾನ. ಅಂವಾ ಮಲಗಿಂದ ಹಚ್ಚತಿದ್ದೆ, ಅಂವಾ ಏಳೂದರಾಗ ಕೀಳತಿದ್ದೆ. ಅವತ್ತಿಂದ ನೀವು ಬಂದಾಗೊಮ್ಮೆ ಹಂಗ ನಡದೈತಿ.”

ಬಕೀಟು ಎತ್ತಿಕೊಂಡು, ಏನೂ ಆಗದವಳ ಹಾಗೆ ಅಂಗಳಕ್ಕೆ ನೀರು ಚಿಮುಕಿಸುತ್ತ ಹೋದಳು. ನಾನು ನಿಂತಲ್ಲೇ ನಿಂತಿದ್ದೆ. ನನ್ನ ತಲೆಯ ಮೇಲೆ ಇಡೀ ಬಾಲ್ಯ ಟಿಕ್ ಟಿಕ್ ಎಂದು ತಿರುಗಿದ ಆ ಫ್ಯಾನು, ಡೋಣಿಯಲ್ಲಾದರೂ, ಈ ಮುದುಕಿಯ ಅಡುಗೆಮನೆಯಿಂದ ತಿರುಗಿತ್ತು.

ಅಪ್ಪ ಎದ್ದು ಮೊದಲು ಮೀಟರಿನ ಹತ್ತಿರ ಬಂದ. ಅಂಕಿ ಹದಿಮೂರರ ಹತ್ತಿರ ಇತ್ತು. ಕಣ್ಣುಜ್ಜಿ ಮತ್ತೊಮ್ಮೆ ನೋಡಿದ.

“ರುಹಿ, ಬಾ ಇಲ್ಲೆ. ನಿನ್ನೆಗಿಂತ ಏರೇತಲ್ಲ ಇದು.”

ನಾನು ಹತ್ತಿರ ಹೋಗಿ ನಿಂತೆ.

“ತಂಪ ನೋಡು. ಗುಡ್ಡದ ಗಾಳಿಗೆ ರಾತ್ರಿ ಬ್ಯಾಟರಿ ಮೈ ತುಂಬ್ಕೊಂಡೈತಿ. ಮನಷ್ಯಾರು ಹ್ಯಾಂಗೋ ಇವೂ ಹಂಗ. ನಿನ್ನ ಪುಸ್ತಕದಾಗ ಹಿಂಗ ಐತೇನು?”

ನಾನು ಓದಿದ್ದು ಬಿ.ಎಸ್ಸಿ., ಫಿಜಿಕ್ಸ್. ಪುಸ್ತಕದಲ್ಲಿ ಹಾಗೆ ಇರಲಿಲ್ಲ. “ನೋಡಬೇಕಪ್ಪಾ” ಎಂದೆ.

ಅಪ್ಪನ ಮುಖದಲ್ಲಿ ಅಂಥ ಬೆಳಕನ್ನು ನಾನು ಗಾಡಿ ನಿಂತ ಮೇಲೆ ನೋಡಿರಲಿಲ್ಲ. ಎರಡನೆಯ ರಾತ್ರಿಯೂ ಕೆಂಪು ವಾಯರ್ ಕಣ ದಾಟಿತು, ಮೂರನೆಯ ರಾತ್ರಿಯೂ. ನಾನು ಬೇಗ ಎಚ್ಚರವಾದರೂ ಏಳದೆ, ಅವಳು ಪಿನ್ನು ಕೀಳುವ ಸಣ್ಣ ಸದ್ದು ಕೇಳುವವರೆಗೆ ಹಾಗೇ ಮಲಗಿರುತ್ತಿದ್ದೆ. ಮೂರನೆಯ ಬೆಳಿಗ್ಗೆ ಅಪ್ಪ ಅಣ್ಣನಿಗೆ ಫೋನ್ ಮಾಡಿದ. “ಮೂರ ರಾತ್ರಿ ನಡದೈತಲೇ. ಅಲ್ಲಾನ ಆಣಿ, ಕರೆಂಟಿನ ಮಾರಿ ನೋಡಿಲ್ಲ. ಇನ್ನೂ ಮೂರು ನಡೀತೈತಿ.”

ಹೊರಡುವಾಗ ಸಾವಿತ್ರೆವ್ವ ಬುತ್ತಿ ಕಟ್ಟಿಕೊಟ್ಟಳು. “ಏನ ಯಮನೂರಣ್ಣ, ಈ ಸಲ ತಲಿದಿಂಬ ಇಲ್ಲೇನು?”

“ಕರೆಂಟ್ ಎಲ್ಲಿ ತಗೊಂಡೇನ್ರಿ ಅಕ್ಕಾರ?” ಅಪ್ಪ ಎದೆ ಉಬ್ಬಿಸಿದ. “ಈ ಸಲ ನಿಮ್ಮ ಋಣ ಇಲ್ಲ.”

ಅವಳು ನನ್ನ ಕಡೆ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನನಗೆ ನಗು ಬರಲಿಲ್ಲ. ಗದಗ ಬರುವವರೆಗೆ ಅಪ್ಪ ಹಾಡು ಗುನುಗುತ್ತಿದ್ದ. ಅವ್ವ, “ಭಾಳ ದಿನಕ್ಕ ದನಿ ಬಂದೈತಿ ಇವರಿಗೆ” ಎಂದು ನನ್ನ ಕಿವಿಯಲ್ಲಿ ಅಂದಳು. ಆ ಹೊತ್ತಿನಲ್ಲಿ ಹೇಳುವುದು ಹೇಗೆ? ಗಾಡಿ ಉಳಿಯಿತಲ್ಲ, ಯಾರಿಗೆ ಏನು ನಷ್ಟ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಾಡಿಗೆಗೆ ಬರುವವರು ಎರಡನೆಯ ರಾತ್ರಿ ಫ್ಯಾನು ನಿಂತರೆ ಬಾಗಿಲು ತೆರೆದು ಮಲಗುತ್ತಾರೆ, ಅಷ್ಟೇ.

ಅಣ್ಣ ಫೋನಿನಲ್ಲಿ ಗಾಡಿಯ ಫೋಟೋ ಹಾಕಿ, ಮೂರು ರಾತ್ರಿ ಕರೆಂಟ್ ಬೇಕಿಲ್ಲ ಎಂದು ಬರೆದ. ಡಿಸೆಂಬರಿನಲ್ಲಿ ಮೊದಲ ಫೋನ್ ಸ್ನೇಹಾ ಅವರದು. ನಾನು ಎಂದಿನಂತೆ ಒಳಗೆ ಹೋಗಿದ್ದೆ. ಬಾಗಿಲ ಹಿಂದೆ ನಿಂತು ಕೇಳಿದೆ.

“ನಮ್ಮ ಮಾವನವರು ಕಾಲೇಜಿನ್ಯಾಗ ಬಾಟನಿ ಕಲಿಸ್ತಿದ್ರು” ಎಂದಿತು ಆ ಕಡೆಯ ದನಿ. “ಕಪ್ಪತಗುಡ್ಡದ ಬುಡಕ್ಕ ಮೂರು ದಿನ ಇದ್ದು ಗಿಡಾ ನೋಡಬೇಕು ಅಂತ ಹಟ ಹಿಡಿದಾರ. ಲಾಡ್ಜ್ ಬ್ಯಾಡ, ಎದ್ದ ಕೂಡಲೇ ಗುಡ್ಡ ಕಾಣಬೇಕಂತ. ಆದ್ರ ಒಂದು ತೊಂದ್ರಿ ಐತ್ರಿ. ಅವರು ಮಲಗುವಾಗ ಉಸಿರಿನ ಮಷಿನ್ ಹಾಕೋತಾರ. ನಿದ್ದ್ಯಾಗ ಅದು ನಿಂತ್ರ ಉಸಿರು ಕಟ್ಟತೈತಿ. ಎಚ್ಚರ ಆಗೂದು ತಡ ಆದ್ರ ಕಷ್ಟ.”

“ಏನ ಚಿಂತಿ ಮಾಡಬ್ಯಾಡ್ರಿ ಅಕ್ಕಾರ, ಮೂರು ರಾತ್ರಿ ನಾವ ಮಲಗಿ ನೋಡೇವಿ” ಎಂದ ಅಣ್ಣ. ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಗೊತ್ತಿದ್ದುದನ್ನೇ ಹೇಳಿದ. “ನಮ್ಮ ತಂಗಿ ಫಿಜಿಕ್ಸ್ ಓದ್ಯಾಳ. ನಿಮ್ಮ ಮಷಿನ್ ಎಷ್ಟ ಕರೆಂಟ್ ತಿಂತೈತಿ ನೋಡಿ ಹೇಳ್ರಿ, ಅಕಿ ಲೆಕ್ಕಾ ಹಾಕಿ ಹೇಳ್ತಾಳ.” ರವಿವಾರ ಸಂಜೆ ಎಂದು ಗೊತ್ತಾಯಿತು.

ಶುಕ್ರವಾರ, ಅಪ್ಪ ಮಸೀದಿಗೆ ಹೋಗಲಿ, ಅವ್ವ ಸಂತೆಗೆ ಹೋಗಲಿ ಎಂದು ಕಾಯದೆ, ನಾನೇ ಪರೀಕ್ಷೆ ಮಾಡಿ ನೋಡಲು ಹೊರಟೆ. ಬೆಳಗಿನ ಚಹಾ ಆದ ಮೇಲೆ, ಗಾಡಿಯಲ್ಲಿ ಕುಳಿತು ಓದುತ್ತೇನೆ ಎಂದು ಹೇಳಿ ಹೋದೆ. ಯಾರಿಗೂ ಅದು ವಿಚಿತ್ರ ಅನಿಸುವುದಿಲ್ಲ, ನಾನು ಹಾಗೇ. ಚಾರ್ಜ್ ತುಂಬಿದ್ದ ಬ್ಯಾಟರಿಯ ಮೇಲೆ ಎರಡೂ ಫ್ಯಾನು, ಫ್ರಿಜ್, ಉಸಿರಿನ ಮಷಿನಿನ ಬದಲು ಒಂದು ಹಳೆಯ ಬಲ್ಬು ಹಚ್ಚಿಟ್ಟೆ. ಬೇವಿನ ನೆರಳು ಗಾಡಿಯ ಈ ಕಡೆಯಿಂದ ಆ ಕಡೆಗೆ ಹೋಯಿತು. ಸಂಜೆಯ ಮಗ್ರಿಬ್ ಅಜಾನಿನ ಹೊತ್ತಿಗೆ ಅಂಕಿ ಹನ್ನೆರಡರ ಕೆಳಗೆ ಇಳಿದಿತ್ತು. ಅರ್ಧ ಮುಗಿಯಿತು, ಇನ್ನು ಕೈ ತೊಳೆಯಬೇಕು. ಒಂದು ಹಗಲು. ಅಂದರೆ ಒಂದು ರಾತ್ರಿ, ಹೆಚ್ಚೆಂದರೆ.

ಎಲ್ಲ ಆರಿಸಿ, ಆ ಮಬ್ಬಿನಲ್ಲಿ ಹಾಸಿಗೆಯ ಮೇಲೆ ಕುಳಿತೆ. ಗುಡ್ಡದ ಬುಡದಲ್ಲಿ, ಮನೆಗಳಿಲ್ಲದ ಕಡೆ ನಿಂತ ಗಾಡಿ ಕಣ್ಣಿಗೆ ಬಂತು. ಇದೇ ಹಾಸಿಗೆಯ ಮೇಲೆ, ಮೂಗಿಗೆ ಕೊಳವೆ ಹಾಕಿಕೊಂಡು ಮಲಗಿದ ಒಬ್ಬ ಮುದುಕ. ಅಲ್ಲಿ ಸಾವಿತ್ರೆವ್ವ ಇರುವುದಿಲ್ಲ.

ಶನಿವಾರ ಅಪ್ಪನಿಗೆ ಹೇಳಲೆಂದೇ ಪಡಸಾಲೆಗೆ ಹೋದೆ. ಅವನು ಗಾಡಿಗೆಂದು ಹೊಸ ತಲೆದಿಂಬುಗಳಿಗೆ ಅರಳೆ ತುಂಬುತ್ತಿದ್ದ. ರೆಪ್ಪೆಯ ಮೇಲೆ ಮತ್ತೆ ಬಿಳಿ ಎಳೆಗಳು.

“ಬಂದಿ? ಇದನ್ನ ಹಿಡಿ.” ಒಂದು ದಿಂಬಿನ ಬಾಯಿ ನನ್ನ ಕೈಗೆ ಕೊಟ್ಟ. “ಸಾವಿತ್ರೆವ್ವಕ್ಕಗ ಈ ಸಲ ದಿಂಬ ಕೊಡಲಿಲ್ಲ ನೋಡು, ಮನಸಿಗೆ ಒಂಥರಾ ಆತು. ಆದ್ರ ಏನ ಮಾಡೂದು, ಕರೆಂಟ್ ತಗೊಳ್ಳಲಾರದ ಕೊಟ್ರ ಅಕಿಗೆ ಭಿಕ್ಷೆ ಕೊಟ್ಟಂಗ ಆಗೂದಿಲ್ಲೇನು?”

“ಅಪ್ಪಾ…”

“ಹೂಂ?”

“ಹೊಲಿಗಿ ಇಲ್ಲಿ ಬಿಟ್ಟೈತಿ” ಎಂದೆ. ಅವನು ಬಾಗಿ ನೋಡಿದ. ಹೊಲಿಗೆ ಎಲ್ಲಿಯೂ ಬಿಟ್ಟಿರಲಿಲ್ಲ.

ಹೀಗೆ ರವಿವಾರ ಬಂತು. ಬೆಳಿಗ್ಗೆ ದಿನಚರಿ ಅರ್ಧಕ್ಕೆ ನಿಂತಿತು. ಮಧ್ಯಾಹ್ನ ರಹಮಾನಸಾಬರು ಬೇರೆ ಯಾವುದೋ ಕೆಲಸಕ್ಕೆ ಓಣಿಗೆ ಬಂದವರು ಹಿತ್ತಲಿಗೂ ಇಣುಕಿದರು. “ಏನ್ರಿ ಯಮನೂರಸಾಬ್ರ, ಬಣ್ಣಾ ಭಾರಿ ಹಚ್ಚೀರಿ. ತೂಕಕ್ಕ ಬಣ್ಣ ಬರೂದಿಲ್ಲ ಮತ್ತ” ಎಂದರು. “ಇದು ತೂಕಕ್ಕ ಹೋಗೂ ಗಾಡಿ ಅಲ್ರಿ, ನೀವು ಚಹಾ ಕುಡದು ಹೋಗ್ರಿ” ಎಂದು ಅಪ್ಪ ನಕ್ಕ. ಆ ನಗುವಿನಲ್ಲಿ ಹೆದರಿಕೆ ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಸಂಜೆ ಫೋನ್ ಬಂತು. ನಾನು ಎದ್ದೆ. “ಕುಂಡ್ರಲೇ, ಈಗ ಜಳಕ ಇಲ್ಲ” ಎಂದು ಅಣ್ಣ ಕೈ ಹಿಡಿದು ಕೂರಿಸಿ ಸ್ಪೀಕರ್ ಹಚ್ಚಿದ. ಅಪ್ಪ ಎದುರಿಗೆ ಕುಳಿತು ಕೊನೆಯ ದಿಂಬು ಹೊಲಿಯುತ್ತಿದ್ದ. ಅವ್ವ ಅಡುಗೆಮನೆಯ ಬಾಗಿಲಲ್ಲಿ.

ಸ್ನೇಹಾ ಮಷಿನಿನ ಮೇಲೆ ಬರೆದಿದ್ದ ಅಂಕಿಗಳನ್ನು ಓದಿ ಹೇಳಿದರು. ಆ ಹಳೆಯ ಬಲ್ಬಿನ ಮೇಲೆ ನಾನು ಆಗಲೇ ಮೂರು ಸಲ ಹಾಕಿದ್ದ ಲೆಕ್ಕ ಅದರಿಂದ ಬದಲಾಗಲಿಲ್ಲ. ಫೋನಿನ ಆ ಕಡೆ ಯಾರೋ ಕೆಮ್ಮಿದರು.

“ಮಾವನವರೂ ಇಲ್ಲೇ ಕುಂತಾರ್ರಿ. ಅವರ ಕೇಳ್ತಾರಂತ.”

ವಯಸ್ಸಾದ ದನಿ, ನಡುನಡುವೆ ಉಸಿರಿಗೆ ನಿಲ್ಲುವ ದನಿ. “ಎಷ್ಟು ರಾತ್ರಿ ನಡೀತದವಾ ಅದು? ನೀ ಹೇಳಿದಷ್ಟು ದಿನಾ ಇರ್ತೀನಿ. ಚಿಕ್ಕಂದಿನಾಗ ನಮ್ಮಪ್ಪನ ಜೋಡಿ ಆ ಗುಡ್ಡದ ಬುಡಕ್ಕ ಚಕ್ಕಡ್ಯಾಗ ಮಲಗಿದ್ದೆ. ಇನ್ನೊಮ್ಮೆ ಮಲಗಬೇಕಂತ ಆಸೆ.”

“ಹೇಳು, ಮೂರ ರಾತ್ರಿ” ಎಂದು ಅಣ್ಣ ಪಿಸುಗುಟ್ಟಿದ. ಅಪ್ಪ ಸೂಜಿ ನಿಲ್ಲಿಸಿ ನನ್ನ ಕಡೆ ನೋಡಿದ. ಹೆಮ್ಮೆಯಿಂದ ನೋಡಿದ. ಮಗಳು ದೊಡ್ಡ ಮಂದಿಯ ಜೊತೆ ಮಾತಾಡುತ್ತಾಳೆ ಎಂಬ ಹೆಮ್ಮೆ, ತನ್ನ ಗಾಡಿಯ ಬಗ್ಗೆ ಮಾತಾಡುತ್ತಾಳೆ ಎಂಬ ಹೆಮ್ಮೆ.

ತೊಡೆಯ ಮೇಲಿದ್ದ ದಿಂಬನ್ನು ಹಿಚುಕಿ ಹಿಡಿದಿದ್ದೆ. ಬೆರಳುಗಳ ನಡುವೆ ಅರಳೆ ಮೆತ್ತಗೆ ಸರಿಯಿತು. ಎರಡು ವರ್ಷದ ಕೂಸು ಫ್ಯಾನು ನಿಂತರೆ ಊರು ಎಬ್ಬಿಸಿ ಅಳುತ್ತಿತ್ತಂತೆ. ಅಷ್ಟು ದನಿ ಆಗ ಎಲ್ಲಿಂದ ಬರುತ್ತಿತ್ತೋ.

“ಕೇಳಸ್ತದೇನವಾ?” ಎಂದಿತು ಫೋನು.

ನಾನು ಫೋನಿಗೆ ಉತ್ತರ ಕೊಟ್ಟೆ, ಆದರೆ ಕಣ್ಣು ಅಪ್ಪನ ಮೇಲಿತ್ತು.

“ಒಂದ ರಾತ್ರಿ ಅಷ್ಟರಿ, ಅಜ್ಜಾರ. ಡೋಣ್ಯಾಗ ನಾವು ಮೂರೂ ರಾತ್ರಿ ಮಲಗಿದ್ದು ಸಾವಿತ್ರೆವ್ವನ ಮನಿ ಕರೆಂಟಿನ್ಯಾಗ. ಅಪ್ಪಾ, ಅಕಿಗೆ ತಲಿದಿಂಬ ಕೊಡೂದೈತಿ.”